ಕಚೇರಿಯ ಇಂಗ್ಲಿಷಿನಲ್ಲಿ ಷರತ್ತು ಬರೆಯುವಾಗ ‘ಇಫ್’ ಒಂದನ್ನೇ ನೆಚ್ಚಿಕೊಳ್ಳಬೇಕೆ?

ಪ್ರಶ್ನೆ – ರಫ್ತು ವಿಭಾಗದ ಸಹಾಯಕ, ಪೀಣ್ಯ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಐದು ವರ್ಷಗಳಿಂದ ರಫ್ತಿನ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಈಗ ಕಷ್ಟವೆನಿಸುವುದಿಲ್ಲವಾದರೂ, ಷರತ್ತು ಹೇಳಬೇಕಾದ ಕಡೆಯಲ್ಲೆಲ್ಲ ಕೈ ತಾನಾಗಿಯೇ ‘ಇಫ್’ ಎಂದು ಬರೆದುಬಿಡುತ್ತದೆ. ಕಳೆದ ವಾರ ಇಂಗ್ಲೆಂಡಿನ ಖರೀದಿದಾರರೊಬ್ಬರಿಗಾಗಿ ಸಿದ್ಧಪಡಿಸಿದ ಕೊಟೇಶನ್ನಿನ ಕರಡನ್ನು ನಮ್ಮ ಮ್ಯಾನೇಜರ್ ಓದಿ, ಒಂದೇ ಪುಟದಲ್ಲಿದ್ದ ಏಳು ‘ಇಫ್’ಗಳಿಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಿಂದಿರುಗಿಸಿದರು.

ಆ ಏಳು ಷರತ್ತುಗಳು ಇವು. ಮುಂಗಡ ಬಂದರೆ ಕೆಲಸ ಪ್ರಾರಂಭವಾಗುತ್ತದೆ. ಸ್ಯಾಂಪಲ್ ಒಪ್ಪಿಗೆಯಾದರೆ ಉಳಿದ ಸರಕನ್ನು ತಯಾರಿಸುತ್ತೇವೆ. ಡ್ರಾಯಿಂಗ್ ಬದಲಾದರೆ ದರವೂ ಬದಲಾಗುತ್ತದೆ. ಉಕ್ಕಿನ ಬೆಲೆ ಶೇ. 5ಕ್ಕಿಂತ ಹೆಚ್ಚು ಏರಿದರೆ ದರವನ್ನು ಪರಿಷ್ಕರಿಸಬೇಕಾಗುತ್ತದೆ. ಹಡಗು ತಡವಾದರೆ ನಾವು ಹೊಣೆಯಲ್ಲ. 15 ದಿನಗಳೊಳಗೆ ಖಚಿತಪಡಿಸದಿದ್ದರೆ ಈ ದರ ಅನ್ವಯವಾಗುವುದಿಲ್ಲ. ಹೆಚ್ಚಿನ ವಿವರ ಬೇಕಿದ್ದರೆ ತಿಳಿಸಿ.

‘ಇಫ್’ಗೆ ಬದಲಾಗಿ ಬಳಸಬಹುದಾದ ಪದಗಳ ಪಟ್ಟಿಯೊಂದನ್ನು ಹುಡುಕಿ, ಒಂದೊಂದು ಕಡೆ ಒಂದೊಂದನ್ನು ಇಟ್ಟು ಮತ್ತೆ ತೋರಿಸಿದೆ. ‘ಪ್ರೊವೈಡೆಡ್ ದಟ್ ದಿ ಶಿಪ್ ಈಸ್ ಡಿಲೇಡ್, ವಿ ಆರ್ ನಾಟ್ ಲಯಬಲ್’ ಎಂಬ ಸಾಲನ್ನು ಓದಿದ ಮ್ಯಾನೇಜರ್, ಇದಕ್ಕಿಂತ ಮೊದಲಿನದೇ ಚೆನ್ನಾಗಿತ್ತು ಎಂದರು. ಏಕೆ ಎಂದು ಕೇಳಿದಾಗ ಅವರಿಗೂ ಕಾರಣ ಹೇಳಲು ಆಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಕರಾರುಪತ್ರಗಳನ್ನು ಪರಿಶೀಲಿಸುವ ವಕೀಲೆ, ಬೆಂಗಳೂರು

ನಿಮ್ಮ ಮ್ಯಾನೇಜರ್ ಅವರ ಕಿವಿ ಸರಿಯಾಗಿಯೇ ಇದೆ. ಅಂತಹ ಪಟ್ಟಿಗಳ ತೊಂದರೆಯೆಂದರೆ, ಅವು ಈ ಪದಗಳನ್ನೆಲ್ಲ ಸಮಾನಾರ್ಥಕಗಳೆಂದು ಜೋಡಿಸಿಡುತ್ತವೆ. ಆದರೆ ಒಂದೊಂದು ಪದವೂ ಷರತ್ತಿನ ಬಗ್ಗೆ ಬೇರೆಯದೇ ಆದ ಸಂಗತಿಯನ್ನು ಹೇಳುತ್ತದೆ. ಆದ್ದರಿಂದ ಇಂಗ್ಲಿಷ್ ಪದವನ್ನು ಹುಡುಕುವುದಕ್ಕೆ ಮೊದಲು, ಅದೇ ಮಾತನ್ನು ಕನ್ನಡದಲ್ಲಿ ಎಚ್ಚರದಿಂದ ಹೇಳುವುದಾದರೆ ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿಕೊಳ್ಳಿ. ನಿಮ್ಮ ಪ್ರಶ್ನೆಯಲ್ಲಿ ಏಳೂ ಕಡೆ ‘ರೆ’ ಎಂಬ ಪ್ರತ್ಯಯವೇ ಇದೆ. ‘ಬಂದರೆ’, ‘ಬಂದ ಮೇಲೆ’, ‘ಬಂದೀತು ಎಂದು’, ‘ಬಾರದ ಹೊರತು’, ‘ಬರುವುದಕ್ಕೆ ಒಳಪಟ್ಟು’, ‘ತಪ್ಪಿದಲ್ಲಿ’ ಎಂಬ ಬೇರೆ ಬೇರೆ ರೂಪಗಳು ನಮ್ಮ ನಾಲಿಗೆಯ ಮೇಲೆಯೇ ಇರುವಾಗ, ಬರೆಯಲು ಕೂತಾಗ ಅವನ್ನು ಮರೆತು ಎಲ್ಲವನ್ನೂ ಒಂದೇ ‘ರೆ’ಗೆ ಇಳಿಸುತ್ತೇವೆ, ಆಮೇಲೆ ಆ ‘ರೆ’ಯನ್ನು ‘ಇಫ್’ ಮಾಡುತ್ತೇವೆ.

ಮುಂಗಡದ ಸಾಲನ್ನು ನೋಡಿ. ಮುಂಗಡ ಬರುತ್ತದೆ ಎಂಬ ನಂಬಿಕೆಯಿಂದಲೇ ತಾನೆ ಕೊಟೇಶನ್ ಕಳುಹಿಸುತ್ತಿರುವುದು? ಹಾಗಿರುವಾಗ ‘ಇಫ್ ವಿ ರಿಸೀವ್ ದಿ ಅಡ್ವಾನ್ಸ್’ ಎಂದರೆ ಖರೀದಿದಾರರ ಬಗ್ಗೆ ಸಣ್ಣ ಅನುಮಾನವೊಂದನ್ನು ವ್ಯಕ್ತಪಡಿಸಿದಂತಾಗುತ್ತದೆ. ‘ವನ್ಸ್ ವಿ ರಿಸೀವ್ ದಿ ಅಡ್ವಾನ್ಸ್’ ಎಂದರೆ ಅದು ‘ಮುಂಗಡ ಬಂದ ಮೇಲೆ’. ‘ಅಪಾನ್ ರಿಸೀಟ್ ಆಫ್ ದಿ ಅಡ್ವಾನ್ಸ್’ ಎಂದರೆ ‘ಮುಂಗಡ ಕೈಸೇರಿದ ಕೂಡಲೇ’. ಹಣ ಬರುವವರೆಗೆ ಕೆಲಸವಿಲ್ಲ ಎಂಬ ಗಟ್ಟಿತನ ಎರಡರಲ್ಲೂ ಹಾಗೆಯೇ ಉಳಿಯುತ್ತದೆ, ಅನುಮಾನ ಮಾತ್ರ ಹೋಗುತ್ತದೆ.

‘ಪ್ರೊವೈಡೆಡ್ ದಟ್’ ಎನ್ನುವುದು ಒಂದು ಭರವಸೆಯ ಬೆನ್ನಿಗೆ ಬರುವ ಮಾತು. ಇಂಥದ್ದನ್ನು ನಾವು ಮಾಡಿಕೊಡುತ್ತೇವೆ, ಆದರೆ ನಿಮ್ಮ ಕಡೆಯಿಂದ ಇಷ್ಟು ಆಗಿರಬೇಕು ಎನ್ನುವಾಗ ಅದು ಹೊಂದುತ್ತದೆ. ಅಂದರೆ ಅದರ ಮುಂದೆ ಬರುವ ಸಂಗತಿ ಆಗಬೇಕೆಂದು ಇಬ್ಬರೂ ಬಯಸುವಂಥದ್ದಾಗಿರಬೇಕು. ಹಡಗು ತಡವಾಗಲಿ ಎಂದು ಯಾರೂ ಬಯಸುವುದಿಲ್ಲ. ಆದ್ದರಿಂದಲೇ ನಿಮ್ಮ ಆ ಸಾಲು, ಹಡಗು ತಡವಾಗುವುದನ್ನೇ ನೀವು ಷರತ್ತಾಗಿ ಬೇಡುತ್ತಿದ್ದೀರಿ ಎಂಬಂತೆ ಕೇಳಿಸಿತು. ಆಗಬಾರದ ಸಂಗತಿಗೆ ‘ಇನ್ ದಿ ಇವೆಂಟ್ ಆಫ್’ ಸರಿಯಾದುದು, ಅದರ ಮುಂದೆ ನಾಮಪದ ಬರಬೇಕು: ‘ಇನ್ ದಿ ಇವೆಂಟ್ ಆಫ್ ಎ ಡಿಲೇ ಇನ್ ಶಿಪ್ಪಿಂಗ್’. ಪೂರ್ತಿ ವಾಕ್ಯವೇ ಬೇಕಿದ್ದರೆ ‘ಇನ್ ದಿ ಇವೆಂಟ್ ದಟ್’ ಎಂದು ಬರೆದು ಮುಂದುವರಿಸಬಹುದು.

‘ಸಬ್ಜೆಕ್ಟ್ ಟು’ ಎಂಬುದರ ಪರಿಚಯ ನಮಗೆಲ್ಲ ಇದ್ದೇ ಇದೆ. ಮ್ಯೂಚುವಲ್ ಫಂಡ್ ಜಾಹೀರಾತುಗಳ ಕೊನೆಯಲ್ಲಿ ‘ಸಬ್ಜೆಕ್ಟ್ ಟು ಮಾರ್ಕೆಟ್ ರಿಸ್ಕ್ಸ್’ ಎಂದು ಓದುವುದನ್ನು ಕೇಳದವರಿಲ್ಲ. ಚಿಕ್ಕಪೇಟೆಯ ಯಾವುದೇ ಸಗಟು ಅಂಗಡಿಯ ಬಿಲ್ಲಿನ ಕೆಳಗಡೆ ‘ಸಬ್ಜೆಕ್ಟ್ ಟು ಬೆಂಗಳೂರು ಜ್ಯೂರಿಸ್‌ಡಿಕ್ಷನ್’ ಎಂಬ ಸಾಲು ಸಿಗುತ್ತದೆ. ಚೆಕ್ಕಿಗೆ ಕೊಡುವ ರಸೀದಿಗಳಲ್ಲಿ ‘ಸಬ್ಜೆಕ್ಟ್ ಟು ರಿಯಲೈಸೇಶನ್ ಆಫ್ ಚೆಕ್’ ಎಂದಿರುತ್ತದೆ. ಈ ಮೂರರಲ್ಲಿ ಕೊನೆಯದು ಮಾತ್ರ ನಿಜವಾದ ಷರತ್ತು: ಚೆಕ್ಕಿನ ಹಣ ಖಾತೆಗೆ ಬಿದ್ದಾಗಲೇ ಈ ರಸೀದಿಗೆ ಬೆಲೆ. ಮೊದಲನೆಯದು ಅಪಾಯಕ್ಕೆ ಗುರಿಯಾಗಿರುವುದನ್ನು, ಎರಡನೆಯದು ವ್ಯಾಜ್ಯವೆದ್ದರೆ ಬೆಂಗಳೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಬರುವುದನ್ನು ಹೇಳುತ್ತದೆ. ಕನ್ನಡದ ‘ಒಳಪಟ್ಟು’ ಎಂಬ ಪದವೂ ಮೂರನ್ನೂ ಹೀಗೆಯೇ ಹೊರುವುದರಿಂದ, ಎಲ್ಲಿ ‘ಒಳಪಟ್ಟು’ ಎಂದು ಸಹಜವಾಗಿ ಬರೆಯುತ್ತೀರೋ ಅಲ್ಲಿ ‘ಸಬ್ಜೆಕ್ಟ್ ಟು’ ಎಂದು ಧೈರ್ಯವಾಗಿ ಬರೆಯಬಹುದು. ಸ್ಯಾಂಪಲ್ ಒಪ್ಪಿಗೆಯ ಸಾಲಿಗೆ ಇದೇ ತಕ್ಕುದು.

ಉತ್ತರ – ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಮೇಡಂ ಅವರು ಹೇಳಿದ್ದನ್ನು ಒಪ್ಪುತ್ತಲೇ, ನಾವು ಕನ್ನಡಿಗರು ತಪ್ಪುವ ಜಾಗಗಳನ್ನು ತೋರಿಸಲು ಬಯಸುತ್ತೇನೆ. ಕನ್ನಡದ ದಾರಿ ಹಿಡಿದು ಯೋಚಿಸುವುದು ಅರ್ಥದ ಮಟ್ಟಿಗೆ ಒಳ್ಳೆಯದೇ ಆದರೂ, ವ್ಯಾಕರಣದ ಮಟ್ಟಿಗೆ ಅದೇ ದಾರಿ ಕಾಲು ಜಾರಿಸುತ್ತದೆ.

ಕನ್ನಡದಲ್ಲಿ ‘ಕಟ್ಟದಿದ್ದರೆ’ ಎನ್ನುವಾಗ ನಿಷೇಧವೂ ಷರತ್ತೂ ಒಂದೇ ಕ್ರಿಯಾಪದದೊಳಗೆ ಸೇರಿಕೊಂಡಿರುತ್ತವೆ. ಅದನ್ನು ಬಿಡಿಸಿ ಇಂಗ್ಲಿಷಿಗೆ ತರುವಾಗ ನಿಷೇಧವನ್ನು ಎರಡು ಸಲ ಹೇಳಿಬಿಡುತ್ತೇವೆ: ‘ಅನ್‌ಲೆಸ್ ಯು ಡೋಂಟ್ ಪೇ, ವಿ ವಿಲ್ ನಾಟ್ ಡಿಸ್ಪ್ಯಾಚ್’. ‘ಅನ್‌ಲೆಸ್’ ಎಂಬುದರ ಹೊಟ್ಟೆಯಲ್ಲಿಯೇ ‘ಇಲ್ಲ’ ಎಂಬುದು ಇದೆ. ಅದರ ಮುಂದೆ ಮತ್ತೊಂದು ‘ಡೋಂಟ್’ ಬಂದ ಕೂಡಲೇ ಅರ್ಥ ತಲೆಕೆಳಗಾಗಿ, ಹಣ ಕಟ್ಟದಿದ್ದರೇ ಸರಕು ಕಳುಹಿಸುತ್ತೇವೆ ಎಂದಾಗುತ್ತದೆ. ಪ್ರತಿ ವರ್ಷವೂ ಪದವಿ ತರಗತಿಯ ಉತ್ತರಪತ್ರಿಕೆಗಳಲ್ಲಿ ಇದನ್ನು ತಿದ್ದುತ್ತೇನೆ. ಬುದ್ಧಿವಂತ ವಿದ್ಯಾರ್ಥಿಗಳೂ ಬರೆಯುತ್ತಾರೆ. ನಾನು ಅವರಿಗೆ ಹೇಳಿಕೊಡುವ ಉಪಾಯ ಇಷ್ಟೇ: ‘ಅನ್‌ಲೆಸ್’ ಎಂದು ಬರೆದ ಕಡೆ ಮನಸ್ಸಿನಲ್ಲಿ ‘ಹೊರತು’ ಎಂದು ಓದಿಕೊಳ್ಳಿ. ‘ನೀವು ಹಣ ಕಟ್ಟಿದ ಹೊರತು ಸರಕು ಹೊರಡುವುದಿಲ್ಲ’ ಎನ್ನುವಾಗ ‘ಕಟ್ಟಿದ’ ಎಂಬುದರಲ್ಲಿ ನಿಷೇಧವಿಲ್ಲವಷ್ಟೆ, ಇಂಗ್ಲಿಷಿನಲ್ಲಿಯೂ ಹಾಗೆಯೇ. ಮಾತಿನಲ್ಲಿ ಕೆಲವರು ‘ಕಟ್ಟದ ಹೊರತು’ ಎಂದೂ ಹೇಳುತ್ತಾರೆ, ಮೇಲಿನ ಉತ್ತರದಲ್ಲಿಯೂ ‘ಬಾರದ ಹೊರತು’ ಎಂದೇ ಬಂದಿದೆ. ಆ ರೂಪದಿಂದ ಅನುವಾದಿಸಲು ಹೊರಟರೆ ಮತ್ತೆ ‘ಡೋಂಟ್’ ನುಸುಳುತ್ತದೆ.

ಎರಡನೆಯದು, ‘ಇಫ್ ಸಪೋಸ್’. ಕನ್ನಡದಲ್ಲಿ ‘ಒಂದು ವೇಳೆ ಬಂದರೆ’ ಎನ್ನುತ್ತೇವೆ. ‘ಒಂದು ವೇಳೆ’ ಒಂದು ಗುರುತು, ‘ರೆ’ ಇನ್ನೊಂದು ಗುರುತು. ಎರಡೂ ಸೇರಿದರೇ ನಮಗೆ ವಾಕ್ಯ ತುಂಬಿದಂತೆ. ಇಂಗ್ಲಿಷಿಗೆ ಒಂದೇ ಸಾಕು, ‘ಇಫ್’ ಆದರೂ ಸರಿ ‘ಸಪೋಸಿಂಗ್’ ಆದರೂ ಸರಿ. ವ್ಯವಹಾರದ ಪತ್ರದಲ್ಲಿ ‘ಸಪೋಸಿಂಗ್’ಗಿಂತ ‘ಅಸ್ಯೂಮಿಂಗ್’ ಮೇಲು. ‘ಅಸ್ಯೂಮಿಂಗ್ ದಿ ಡ್ರಾಯಿಂಗ್ ಈಸ್ ಫೈನಲ್’ ಎಂದರೆ, ಡ್ರಾಯಿಂಗ್ ಇನ್ನು ಬದಲಾಗದು ಎಂದಿಟ್ಟುಕೊಂಡು ಈ ದರ ಕೊಟ್ಟಿದ್ದೇವೆ ಎಂಬುದನ್ನು ಮುಂಚಿತವಾಗಿ ತಿಳಿಸಿದಂತೆ. ಡ್ರಾಯಿಂಗಿನ ಸಾಲಿಗೆ ಇದನ್ನು ಯೋಚಿಸಿ ನೋಡಿ.

ಮೂರನೆಯದು, ‘ಇಫ್ ಯು ವಿಲ್ ಸೆಂಡ್’. ಭವಿಷ್ಯದ ಮಾತಾದರೂ ‘ಇಫ್’, ‘ಅನ್‌ಲೆಸ್’, ‘ವನ್ಸ್’, ‘ಪ್ರೊವೈಡೆಡ್’ ಇವುಗಳ ಬೆನ್ನಿಗೆ ಸಾಮಾನ್ಯವಾಗಿ ವರ್ತಮಾನಕಾಲದ ಕ್ರಿಯಾಪದವೇ ಬರುತ್ತದೆ. ‘ವಿಲ್’ ವಾಕ್ಯದ ಇನ್ನೊಂದು ಭಾಗಕ್ಕೆ ಸೇರಿದ್ದು. ‘ದಯವಿಟ್ಟು ಕಾಯುವಿರಾದರೆ’ ಎಂಬಂತೆ ಎದುರಿಗಿರುವವರ ಮನಸ್ಸಿನ ಒಪ್ಪಿಗೆಯನ್ನು ಕೇಳುವಾಗ ಮಾತ್ರ ‘ಇಫ್ ಯು ವಿಲ್’ ಸಲ್ಲುತ್ತದೆ.

ನಿಮ್ಮ ಪತ್ರದ ಕೊನೆಯ ಸಾಲಿಗೆ ‘ಶುಡ್ ಯು ನೀಡ್ ಎನಿ ಫರ್ದರ್ ಡೀಟೇಲ್ಸ್, ಪ್ಲೀಸ್ ಲೆಟ್ ಅಸ್ ನೋ’ ಎಂಬುದು ಚೆನ್ನಾಗಿ ಹೊಂದುತ್ತದೆ. ಇಲ್ಲಿ ‘ಇಫ್’ ಮಾಯವಾಗಿ, ಸಹಾಯಕ ಕ್ರಿಯಾಪದವೇ ವಾಕ್ಯದ ಮುಂದಕ್ಕೆ ಬಂದು ಷರತ್ತನ್ನು ಹೊರುತ್ತದೆ. ಇದೇ ಕುಟುಂಬದ ಇನ್ನೆರಡು ರೂಪಗಳಿವೆ. ‘ವರ್ ದಿ ಪ್ರೈಸ್ ಟು ರೈಸ್’ ಎಂದರೆ ಅಷ್ಟಾಗಿ ನಿರೀಕ್ಷೆಯಿಲ್ಲದ ಊಹೆ. ‘ಹ್ಯಾಡ್ ವಿ ನೋನ್’ ಎಂದರೆ ಕಾಲ ಮೀರಿದ ಸಂಗತಿ, ‘ನಮಗೆ ತಿಳಿದಿದ್ದರೆ’ ಎಂಬಂತೆ. ‘ಶುಡ್’ ರೂಪದಲ್ಲಿ ‘ಆಗುವ ಸಂಭವ ಕಡಿಮೆ, ಆದರೂ ಆದೀತು’ ಎಂಬ ಛಾಯೆಯಿದೆ. ನಮ್ಮ ‘ಬಂದೀತು’, ‘ಆದೀತು’, ‘ಬೇಕಾದೀತು’ ಎಂಬ ಸಂಭಾವನಾ ರೂಪಗಳ ಸೌಮ್ಯತೆ ಅದರಲ್ಲಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆ ಸೌಮ್ಯತೆಯಿಂದಾಗಿಯೇ ಅದು ವಿನಯದ ಮಾತಾಗಿದೆ.

ಪ್ರಶ್ನೆ ಕೇಳಿದವರು

‘ಬಂದೀತು’ ಎಂಬುದನ್ನು ಓದಿದಾಗ ಹಳೆಯದೊಂದು ಪೆಟ್ಟು ನೆನಪಾಯಿತು. ಎರಡು ವರ್ಷಗಳ ಹಿಂದೆ ಒಬ್ಬ ಖರೀದಿದಾರರಿಗೆ ‘ವಿ ವಿಲ್ ಕೀಪ್ 500 ಪೀಸಸ್ ರೆಡಿ ಇನ್ ಕೇಸ್ ಯು ಕನ್ಫರ್ಮ್ ದಿ ಆರ್ಡರ್’ ಎಂದು ಬರೆದಿದ್ದೆ. ನೀವು ಆರ್ಡರ್ ಖಚಿತಪಡಿಸಿದರೆ 500 ಬಿಡಿಭಾಗಗಳನ್ನು ತಯಾರಿಸಿಡುತ್ತೇವೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ಮೂರು ವಾರಗಳ ನಂತರ ಆರ್ಡರ್ ಖಚಿತಪಡಿಸಿ, ಸರಕು ಸಿದ್ಧವಾಗಿಯೇ ಇರುವುದರಿಂದ ಅದೇ ವಾರ ರವಾನಿಸಬೇಕೆಂದು ಕೇಳಿದರು. ನಾವು ಇನ್ನೂ ಕಚ್ಚಾ ಉಕ್ಕನ್ನೇ ತರಿಸಿರಲಿಲ್ಲ. ರಾತ್ರಿ ಪಾಳಿ ಹಾಕಿಸಿ, ವಿಮಾನದಲ್ಲಿ ಕಳುಹಿಸಿ, ಆ ಆರ್ಡರಿನಲ್ಲಿ ಲಾಭವೆಂಬುದೇ ಉಳಿಯಲಿಲ್ಲ. ಖರೀದಿದಾರರು ಅವಸರ ಮಾಡಿದರು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ತಪ್ಪು ನನ್ನ ‘ಇನ್ ಕೇಸ್’ನಲ್ಲಿತ್ತೆ?

ಉತ್ತರ – ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಹೌದು, ಅಲ್ಲಿಯೇ ಇತ್ತು. ಬ್ರಿಟಿಷ್ ಬಳಕೆಯಲ್ಲಿ ‘ಇನ್ ಕೇಸ್’ ಎಂಬುದು ಮುಖ್ಯವಾಗಿ ಮುಂಜಾಗ್ರತೆಯ ಮಾತು. ‘ಮಳೆ ಬಂದೀತು, ಕೊಡೆ ತೆಗೆದುಕೊಂಡು ಹೋಗು’ ಎಂದು ಮನೆಯಲ್ಲಿ ಹೇಳುತ್ತೇವಲ್ಲ, ಅದು ‘ಟೇಕ್ ಆ್ಯನ್ ಅಂಬ್ರೆಲ್ಲಾ ಇನ್ ಕೇಸ್ ಇಟ್ ರೇನ್ಸ್’. ಮಳೆ ಬರಲಿ ಬಿಡಲಿ, ಕೊಡೆ ಕೈಯಲ್ಲಿರುತ್ತದೆ. ‘ಇಫ್ ಇಟ್ ರೇನ್ಸ್’ ಎಂದರೆ ಮಳೆ ಬಂದಾಗ ಮಾತ್ರ ಕೊಡೆ. ನೀವು ಬರೆದ ಸಾಲನ್ನು ಅವರು ‘ನೀವು ಆರ್ಡರ್ ಖಚಿತಪಡಿಸೀರಿ ಎಂದು 500 ಬಿಡಿಭಾಗಗಳನ್ನು ಮೊದಲೇ ಸಿದ್ಧವಾಗಿಟ್ಟಿರುತ್ತೇವೆ’ ಎಂದು ಓದಿದರು; ಅವರ ಇಂಗ್ಲಿಷಿನ ಪ್ರಕಾರ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ನಮ್ಮ ಕಚೇರಿಗಳಲ್ಲಿ ‘ಇನ್ ಕೇಸ್’ ಎಂಬುದನ್ನು ಬರಿಯ ‘ಇಫ್’ನಂತೆ ಬಳಸುವುದು ರೂಢಿಯಾಗಿರುವುದರಿಂದ ಇಲ್ಲಿ ಯಾರಿಗೂ ಇದು ಅಡ್ಡಿಯಾಗುವುದಿಲ್ಲ, ಹೊರದೇಶಕ್ಕೆ ಹೋದ ಕೂಡಲೇ ಅಡ್ಡಿಯಾಗುತ್ತದೆ. ‘ಇನ್ ಕೇಸ್ ಆಫ್ ಫೈರ್’ ಎಂಬ ಫಲಕದ ಮಾತು ಬೇರೆ. ‘ಆಫ್’ ಸೇರಿದಾಗ ಅದು ‘ಬೆಂಕಿ ಬಿದ್ದಲ್ಲಿ’ ಎಂದೇ ಆಗುತ್ತದೆ.

ಉತ್ತರ – ಕಾನೂನು ಅನುವಾದಕ, ಮೈಸೂರು

ಅಧಿನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಈ ಪದಗಳೊಡನೆ ದಿನವೂ ಸೆಣಸುವವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ.

1872ರ ಭಾರತೀಯ ಕರಾರು ಅಧಿನಿಯಮದ 31ನೆಯ ಪ್ರಕರಣದಿಂದ 36ನೆಯ ಪ್ರಕರಣದವರೆಗೆ ಇರುವುದೆಲ್ಲ ಷರತ್ತಿನ ಕರಾರುಗಳ ವಿಚಾರವೇ. ಅನಿಶ್ಚಿತವಾದ ಘಟನೆಯೊಂದು ನಡೆದರೆ ಎಂದು ಮಾಡಿಕೊಂಡ ಕರಾರನ್ನು, ಆ ಘಟನೆ ನಡೆಯುವವರೆಗೆ ಜಾರಿಗೊಳಿಸಲಾಗದು ಎಂದು 32ನೆಯ ಪ್ರಕರಣ ಹೇಳುವಾಗ ಬಳಸುವ ಪದಪುಂಜ ‘ಅನ್‌ಲೆಸ್ ಆ್ಯಂಡ್ ಅಂಟಿಲ್’. ಇಂದಿನ ಪತ್ರಗಳಲ್ಲಿ ಇವೆರಡರಲ್ಲಿ ಒಂದೇ ಸಾಕಾಗುತ್ತದೆ. ನನಗೆ ಬಹಳ ಇಷ್ಟವಾದುದು 36ನೆಯ ಪ್ರಕರಣದ ಉದಾಹರಣೆ: ಎರಡು ಸರಳರೇಖೆಗಳು ಸೇರಿ ಒಂದು ಜಾಗವನ್ನು ಸುತ್ತುವರಿದರೆ 1,000 ರೂಪಾಯಿ ಕೊಡುತ್ತೇನೆ ಎಂದು ಒಬ್ಬನು ಒಪ್ಪಿಕೊಳ್ಳುತ್ತಾನೆ, ಅದು ಆಗದ ಮಾತಾದ್ದರಿಂದ ಆ ಒಪ್ಪಂದ ಶೂನ್ಯ. ಆ ವಾಕ್ಯದಲ್ಲಿ ‘ಇಫ್’ನ ಜೊತೆಗೆ ‘ಶುಡ್’ ಕೂಡ ಇದೆ. ಅಧ್ಯಾಪಕರು ಹೇಳಿದ ‘ಸಂಭವ ಕಡಿಮೆ’ ಎಂಬ ಛಾಯೆಯನ್ನು ಅದರ ತುತ್ತತುದಿಯಲ್ಲಿ ನೋಡಬೇಕೆಂದರೆ ಅಲ್ಲಿ ನೋಡಬಹುದು.

‘ಪ್ರೊವೈಡೆಡ್ ದಟ್’ ಎಂಬುದಕ್ಕೆ ಕಾನೂನಿನ ಕನ್ನಡದಲ್ಲಿ ‘ಪರಂತು’ ಎನ್ನುತ್ತೇವೆ. ಅಲ್ಲಿ ಅದರ ಕೆಲಸ ಬೇರೆ: ಮೇಲೆ ಹೇಳಿದ ನಿಯಮಕ್ಕೆ ಒಂದು ವಿನಾಯಿತಿಯನ್ನೋ ಮಿತಿಯನ್ನೋ ಜೋಡಿಸುವುದು. ಶಾಸನದ ಭಾಷೆಯನ್ನು ಕುರಿತು 1843ರಲ್ಲಿ ಬರೆದ ಇಂಗ್ಲೆಂಡಿನ ಜಾರ್ಜ್ ಕೂಡ್ ಎಂಬವರು ಈ ಪರಂತುಕಗಳ ಅತಿಬಳಕೆಯನ್ನು ಆಗಲೇ ಆಕ್ಷೇಪಿಸಿದ್ದರು. ಅವರು ತೋರಿಸಿದ ಇನ್ನೊಂದು ವಿವೇಕ ನಮಗೆ ಇಂದಿಗೂ ಉಪಯುಕ್ತ. ನಿಯಮವು ಯಾವ ಸಂದರ್ಭಕ್ಕೆ ಅನ್ವಯಿಸುತ್ತದೆ ಎಂಬುದನ್ನು ‘ವೇರ್’ ಎಂದೂ, ಆ ಸಂದರ್ಭದಲ್ಲಿ ಏನಾದರೆ ನಿಯಮ ಕೆಲಸ ಮಾಡುತ್ತದೆ ಎಂಬುದನ್ನು ‘ಇಫ್’ ಎಂದೂ ಅವರು ಬೇರ್ಪಡಿಸಿದರು. ಕ್ವೇಕರ್ ಪಂಥದವನೊಬ್ಬ ಚರ್ಚಿನ ತೆರಿಗೆ ಕೊಡಲು ಒಪ್ಪದಿರುವಲ್ಲಿ, ಚರ್ಚಿನ ಮೇಲ್ವಿಚಾರಕನು ದೂರು ಕೊಟ್ಟರೆ, ನ್ಯಾಯಾಧಿಕಾರಿಯು ಅವನನ್ನು ಕರೆಸಬಹುದು ಎಂಬುದು ಅವರ ಉದಾಹರಣೆ. ಕನ್ನಡದಲ್ಲಿ ‘ಒಪ್ಪದಿರುವಲ್ಲಿ’ ಮತ್ತು ‘ಕೊಟ್ಟರೆ’ ಎಂದು ಎರಡು ರೂಪಗಳು ಎಷ್ಟು ಸಲೀಸಾಗಿ ಬಂದವು ನೋಡಿ. ಎರಡು ಷರತ್ತುಗಳು ಒಂದರೊಳಗೊಂದು ಕೂರಬೇಕಾದಾಗ ಎರಡೂ ಕಡೆ ‘ಇಫ್’ ಬರೆಯುವ ಬದಲು ಹೊರಗಿನದಕ್ಕೆ ‘ವೇರ್’ ಬಳಸಿದರೆ ಓದುವವರಿಗೆ ಎಷ್ಟೋ ಅನುಕೂಲ.

ಇನ್ನು 15 ದಿನಗಳ ಗಡುವಿನ ಸಾಲು. ತಾಲ್ಲೂಕು ಕಚೇರಿಯ ನೋಟೀಸುಗಳಲ್ಲಿ ‘ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು’ ಎಂದಿರುತ್ತದಲ್ಲ, ಆ ‘ತಪ್ಪಿದಲ್ಲಿ’ಯೇ ಇಂಗ್ಲಿಷಿನ ‘ಫೇಲಿಂಗ್ ವಿಚ್’. ಅದರಲ್ಲಿ ಅಧಿಕಾರದ ಗಡಸು ಇರುವುದರಿಂದ, ಬಾಕಿ ವಸೂಲಿಯ ಕೊನೆಯ ಪತ್ರಕ್ಕೆ ಅದು ಸರಿ. ಹೊಸ ಖರೀದಿದಾರರಿಗೆ ಕಳುಹಿಸುವ ಕೊಟೇಶನ್ನಿಗೆ ಬೇಡ. ಅಲ್ಲಿ ಷರತ್ತಿನ ವಾಕ್ಯವನ್ನೇ ಬಿಟ್ಟು ‘ದಿಸ್ ಕೊಟೇಶನ್ ಈಸ್ ವ್ಯಾಲಿಡ್ ಫಾರ್ 15 ಡೇಸ್’ ಎಂದರೆ ಸಾಕು.

ಉತ್ತರ – ಸಾಫ್ಟ್‌ವೇರ್ ಪರೀಕ್ಷಕಿ, ಬೆಂಗಳೂರು

ಇಷ್ಟನ್ನೂ ಓದಿದ ಮೇಲೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ‘ಇಫ್’ ಎಂಬುದು ದೋಷವಲ್ಲ. ನಮ್ಮ ಕ್ಷೇತ್ರದ ವಿವರಣಾ ದಾಖಲೆಗಳಲ್ಲಿ ಒಂದು ಅರ್ಥಕ್ಕೆ ಒಂದೇ ಪದ ಎಂಬುದು ಕಟ್ಟುನಿಟ್ಟಿನ ನಿಯಮ. ಇಂಟರ್ನೆಟ್ಟಿನ ಮಾನದಂಡಗಳಿಗಾಗಿ 1997ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2119 ಎಂಬ ದಾಖಲೆ ‘ಮಸ್ಟ್’, ‘ಶುಡ್’, ‘ಮೇ’ ಎಂಬ ಪದಗಳಿಗೆ ತೂಕ ಹಾಕಿದಂತೆ ಅರ್ಥ ಗೊತ್ತುಪಡಿಸಿದೆ. ಅಲ್ಲಿ ‘ಶುಡ್’ ಎಂದರೆ ಶಿಫಾರಸು. ನೀವು ಅದೇ ದಾಖಲೆಯಲ್ಲಿ ‘ಶುಡ್ ದಿ ಸರ್ವರ್ ಫೇಲ್’ ಎಂದು ಅಲಂಕಾರವಾಗಿ ಬರೆದರೆ, ಅವಸರದಲ್ಲಿ ಓದುವವರಿಗೆ ಸರ್ವರ್ ಕೆಡಬೇಕೆಂಬ ಶಿಫಾರಸಿನಂತೆ ಕಾಣಿಸಬಹುದು. ಪದಗಳು ಮರುಕಳಿಸಬಾರದೆಂಬ ಒಂದೇ ಕಾರಣಕ್ಕೆ ‘ಇಫ್’ಅನ್ನು ಬದಲಾಯಿಸುವುದಾದರೆ ಬೇಡವೆಂದೇ ಹೇಳುತ್ತೇನೆ. ನಾವು ‘ಇಫ್’ ಮತ್ತು ‘ಓನ್ಲಿ ಇಫ್’ ಇವುಗಳ ನಡುವಣ ವ್ಯತ್ಯಾಸವನ್ನು ಕಾಪಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ: ‘ಒಪ್ಪಿಗೆ ಬಂದರೆ ಕಳುಹಿಸುತ್ತೇವೆ’ ಎಂಬುದು ಬೇರೆ ದಾರಿಗಳನ್ನು ಮುಚ್ಚುವುದಿಲ್ಲ, ‘ಒಪ್ಪಿಗೆ ಬಂದರೆ ಮಾತ್ರ’ ಎಂಬುದು ಮುಚ್ಚುತ್ತದೆ.

ಉತ್ತರ – ಕರಾರುಪತ್ರಗಳನ್ನು ಪರಿಶೀಲಿಸುವ ವಕೀಲೆ, ಬೆಂಗಳೂರು

ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಿಮ್ಮ ಏಳರಲ್ಲಿ ಉಕ್ಕಿನ ಬೆಲೆಯ ಸಾಲಿಗೆ ‘ಇಫ್’ ಇರಲಿ ಎಂಬುದೇ ನನ್ನ ಸಲಹೆ. ಬೆಲೆ ಏರಬಹುದು, ಏರದಿರಬಹುದು. ಯಾರ ಕೈಯಲ್ಲೂ ಇಲ್ಲ. ನಂಬಿಕೆಯೂ ಇಲ್ಲ, ಆಸೆಯೂ ಇಲ್ಲ. ಇಂತಹ ತಟಸ್ಥವಾದ ಸಂಗತಿಗೆ ‘ಇಫ್’ಗಿಂತ ಉತ್ತಮವಾದ ಪದ ಇಂಗ್ಲಿಷಿನಲ್ಲಿ ಇಲ್ಲ. ಆದರೆ ಶೇ. 5 ಯಾವ ದಿನದ ಬೆಲೆಯ ಮೇಲೆ ಎಂಬುದನ್ನು ಬರೆಯಲೇಬೇಕು. ಷರತ್ತಿನ ಪದ ಎಷ್ಟೇ ಸೊಗಸಾಗಿದ್ದರೂ ಅಳತೆ ಇಲ್ಲದಿದ್ದರೆ ಜಗಳ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ರಾತ್ರಿ ಕೂತು ಏಳೂ ಸಾಲುಗಳನ್ನು ಮೊದಲು ಕನ್ನಡದಲ್ಲಿ ಎಚ್ಚರದಿಂದ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತಂದಿದ್ದೇನೆ. ಅನುಮಾನವಿರುವ ಮೂರನ್ನು ಇಲ್ಲಿ ಇಡುತ್ತೇನೆ.

‘ಬಲ್ಕ್ ಪ್ರೊಡಕ್ಷನ್ ವಿಲ್ ಬಿಗಿನ್ ಸಬ್ಜೆಕ್ಟ್ ಟು ಯು ಅಪ್ರೂವ್ ದಿ ಸ್ಯಾಂಪಲ್.’

‘ಅಸ್ಯೂಮಿಂಗ್ ದಿ ಡ್ರಾಯಿಂಗ್ ಈಸ್ ಫೈನಲ್, ದಿ ಪ್ರೈಸ್ ವಿಲ್ ರಿಮೇನ್ ಅನ್‌ಚೇಂಜ್ಡ್, ಶುಡ್ ಎನಿ ಡೈಮೆನ್ಷನ್ ಚೇಂಜಸ್, ವಿ ವಿಲ್ ರಿವೈಸ್ ಇಟ್.’

‘ಇನ್ ದಿ ಇವೆಂಟ್ ಆಫ್ ದಿ ಶಿಪ್ ಈಸ್ ಡಿಲೇಡ್, ವಿ ಶಲ್ ನಾಟ್ ಬಿ ಲಯಬಲ್.’

ಉತ್ತರ – ಇಂಗ್ಲಿಷ್ ಅಧ್ಯಾಪಕ, ಧಾರವಾಡ

ಪದಗಳ ಆಯ್ಕೆ ಮೂರರಲ್ಲೂ ಸರಿಯಾಗಿದೆ. ಉಳಿದಿರುವುದು ಜೋಡಣೆಯ ತಪ್ಪು ಮಾತ್ರ. ‘ಸಬ್ಜೆಕ್ಟ್ ಟು’ ಬೆನ್ನಿಗೆ ಪೂರ್ತಿ ವಾಕ್ಯ ಬರಲಾರದು, ನಾಮಪದ ಬರಬೇಕು: ‘ಸಬ್ಜೆಕ್ಟ್ ಟು ಯುವರ್ ಅಪ್ರೂವಲ್ ಆಫ್ ದಿ ಸ್ಯಾಂಪಲ್’. ಕನ್ನಡದಲ್ಲಿಯೂ ‘ಒಪ್ಪುತ್ತೀರಿಗೆ ಒಳಪಟ್ಟು’ ಎನ್ನದೆ ‘ಒಪ್ಪಿಗೆಗೆ ಒಳಪಟ್ಟು’ ಎನ್ನುತ್ತೇವೆ.

ಎರಡನೆಯದರಲ್ಲಿ ‘ಶುಡ್’ ಮುಂದೆ ಬಂದಿದ್ದರೂ ಅದು ಸಹಾಯಕ ಕ್ರಿಯಾಪದವೇ. ಆದ್ದರಿಂದ ಮುಖ್ಯ ಕ್ರಿಯಾಪದ ಮೂಲರೂಪದಲ್ಲಿಯೇ ಇರಬೇಕು: ‘ಶುಡ್ ಎನಿ ಡೈಮೆನ್ಷನ್ ಚೇಂಜ್’. ಕೊನೆಯಲ್ಲಿರುವ ‘ಇಟ್’ ಎಂಬುದು ದರವನ್ನು ಸೂಚಿಸುತ್ತದೋ ಅಳತೆಯನ್ನು ಸೂಚಿಸುತ್ತದೋ ತಿಳಿಯುವುದಿಲ್ಲ. ‘ದಿ ಪ್ರೈಸ್’ ಎಂದೇ ಮತ್ತೆ ಬರೆಯಿರಿ.

ಮೂರನೆಯದರಲ್ಲಿ ‘ಆಫ್’ ಬಂದ ಮೇಲೆ ‘ಈಸ್’ ಬರುವಂತಿಲ್ಲ. ‘ಇನ್ ದಿ ಇವೆಂಟ್ ಆಫ್ ಎ ಡಿಲೇ ಇನ್ ಶಿಪ್ಪಿಂಗ್, ವಿ ಶಲ್ ನಾಟ್ ಬಿ ಲಯಬಲ್’ ಎಂದಾಗಲಿ. ಸರಕನ್ನು ಒಪ್ಪಿದ ದಿನದೊಳಗೆ ಬಂದರಿಗೆ ತಲುಪಿಸುವ ಹೊಣೆ ನಿಮ್ಮದೇ ಆಗಿದ್ದರೆ ಅದರ ಮುಂದೆ ಇನ್ನೊಂದು ತುಣುಕನ್ನು ಸೇರಿಸಿ: ‘ಪ್ರೊವೈಡೆಡ್ ದಟ್ ವಿ ಹ್ಯಾವ್ ಡೆಲಿವರ್ಡ್ ದಿ ಗೂಡ್ಸ್ ಟು ದಿ ಪೋರ್ಟ್ ಆನ್ ಟೈಮ್’. ಮೊದಲ ದಿನ ನಿಮ್ಮ ಮ್ಯಾನೇಜರ್ ಬೇಡವೆಂದ ‘ಪ್ರೊವೈಡೆಡ್ ದಟ್’ ಅದೇ ಸಾಲಿನಲ್ಲಿ, ಈಗ ಅದರ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.